ಕನ್ನಡದಲ್ಲಿ ಬರೆದು ಎಐಯಿಂದ ಇಂಗ್ಲಿಷ್ ಮಾಡಿಸಿದರೆ ಅದು ಮೋಸವೇ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಈಗ ಎಂ.ಎ. ಅರ್ಥಶಾಸ್ತ್ರ ಮೊದಲ ವರ್ಷ. ಕ್ಲಾಸಿನಲ್ಲಿ ಪಾಠ ಇಂಗ್ಲಿಷ್, ವಿವರಣೆ ಮಲಯಾಳ, ಅಸೈನ್‌ಮೆಂಟ್ ಇಂಗ್ಲಿಷಿನಲ್ಲೇ ಕೊಡಬೇಕು. ಹೇಳಬೇಕಾದ್ದನ್ನು ನಾನು ಕನ್ನಡದಲ್ಲಿ ಬರೆದು, ಎಐಗೆ ಹಾಕಿ ಇಂಗ್ಲಿಷ್ ಮಾಡಿಸಿಕೊಳ್ಳುತ್ತೇನೆ. ನನ್ನ ರೂಮ್‌ಮೇಟ್ ವಿಷಯ ಮಾತ್ರ ಹೇಳಿ ಪೂರ್ತಿ ಅದರಿಂದಲೇ ಬರೆಸುತ್ತಾಳೆ. ಅವಳಿಗೆ ನನಗಿಂತ ಹೆಚ್ಚು ಮಾರ್ಕು. ಇನ್ನು ಮುಂದೆ ಸಾಫ್ಟ್‌ವೇರ್ ಹಾಕಿ ಪರೀಕ್ಷಿಸುತ್ತೇವೆ ಎಂದಿದ್ದಾರೆ. ನಾನು ಮಾಡುತ್ತಿರುವುದು ಮೋಸವೇ? ಸಿಕ್ಕಿಬಿದ್ದರೆ ಏನು ಮಾಡಲಿ? ನನ್ನ ಒಂದು ಪ್ಯಾರಾವನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಕಳಿಸಿದ್ದೇನೆ.

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ನೀವು ಮಾಡುತ್ತಿರುವುದು ಕಳ್ಳತನವಲ್ಲ. ವಿಷಯ ನಿಮ್ಮದು, ಯೋಚನೆ ನಿಮ್ಮದು, ಬರೆಯಲು ಕೂತದ್ದೂ ನೀವೇ. ಆದರೆ ಅದನ್ನು ಟೀಚರಿಗೆ ಹೇಳದೆ ಮಾಡುತ್ತಿದ್ದೀರಿ, ಅಲ್ಲಿ ತಪ್ಪುಂಟು. ಇನ್ನೊಂದು ತಪ್ಪು ನೀವು ಕಳಿಸಿದ ಪ್ಯಾರಾದ ಒಳಗೇ ಉಂಟು. ನನ್ನ ಲೆಕ್ಕದಲ್ಲಿ ಅದೇ ದೊಡ್ಡದು, ಆದ್ದರಿಂದ ಅಲ್ಲಿಂದಲೇ ಶುರುಮಾಡುತ್ತೇನೆ.

ನೀವು ಕನ್ನಡದಲ್ಲಿ ಬರೆದದ್ದು ಹೀಗಿದೆ: ‘ನಮ್ಮ ತೋಟಕ್ಕೆ ಮಳೆಗಾಲದಲ್ಲಿ ಎರಡು ಸಲ ಮದ್ದು ಬಿಡಬೇಕು. ಮರ ಹತ್ತುವವರು ಈಗ ಊರಲ್ಲಿ ಇಬ್ಬರೇ. ಅವರು ನಮ್ಮಲ್ಲಿಗೆ ಬರುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಕಳೆದ ವರ್ಷ ಎರಡನೇ ಮದ್ದು ತಪ್ಪಿ ಅಡಿಕೆ ಉದುರಿತು. ಕೂಲಿ ಜಾಸ್ತಿ ಆದದ್ದಕ್ಕಿಂತ ಜನ ಹೊತ್ತಿಗೆ ಸಿಗದ್ದರಿಂದಲೇ ನಮಗೆ ಹೆಚ್ಚು ನಷ್ಟ.’

ಎಐ ಕೊಟ್ಟ ಇಂಗ್ಲಿಷಿನ ಅರ್ಥವನ್ನು ಕನ್ನಡಕ್ಕೆ ತಿರುಗಿಸಿದರೆ ಹೀಗಾಗುತ್ತದೆ: ಈ ಪ್ರದೇಶದ ಅಡಿಕೆ ಬೆಳೆಗಾರರು ಕಾರ್ಮಿಕರ ಕೊರತೆ ಮತ್ತು ಏರುತ್ತಿರುವ ಕೂಲಿಯಿಂದ ಕೀಟನಾಶಕ ಸಿಂಪಡಿಸಲು ಕಷ್ಟಪಡುತ್ತಿದ್ದಾರೆ, ಇದರಿಂದ ಇಳುವರಿ ಸುಮಾರು ಶೇಕಡಾ 30ರಷ್ಟು ಕುಸಿದಿದೆ, ಯಂತ್ರೋಪಕರಣ ಮತ್ತು ಸರಕಾರದ ನೆರವು ತುರ್ತಾಗಿ ಬೇಕು.

ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಶೇಕಡಾ 30 ಎಂಬ ಸಂಖ್ಯೆ ಎಲ್ಲಿಂದ ಬಂತು? ನೀವು ಬರೆದಿಲ್ಲ. ಸರಕಾರದ ನೆರವು ಬೇಕೆಂದು ನೀವು ಎಲ್ಲೂ ಕೇಳಿಲ್ಲ. ಅಡಿಕೆ ಕೊಳೆತು ಉದುರುವ ಕೊಳೆರೋಗಕ್ಕೆ ಬಿಡುವ ಮದ್ದು ಬೋರ್ಡೋ ದ್ರಾವಣ, ಅಂದರೆ ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತು ಮತ್ತು ಸುಣ್ಣ. ಅದು ಶಿಲೀಂಧ್ರನಾಶಕ, ಹುಳ ಕೊಲ್ಲುವ ಮದ್ದಲ್ಲ. ಇದು ನಿಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ಸಂಗತಿ. ‘ಮದ್ದು’ ಎಂಬ ಮಾತನ್ನು ಎಐ ಕೀಟನಾಶಕ ಮಾಡಿತು, ನೀವು ನೋಡದೆ ಬಿಟ್ಟಿರಿ.

ಇವೆಲ್ಲ ಸಣ್ಣವು. ನಿಜವಾದ ನಷ್ಟ ಆಗಿರುವುದು ಕೊನೆಯ ವಾಕ್ಯಕ್ಕೆ. ಕೂಲಿಯ ದರ ಒಂದು ಸಮಸ್ಯೆ, ಜನ ಹೊತ್ತಿಗೆ ಸಿಗದಿರುವುದು ಬೇರೆಯೇ ಸಮಸ್ಯೆ, ಎರಡನೆಯದೇ ಹೆಚ್ಚು ಪೆಟ್ಟು ಕೊಡುತ್ತದೆ ಎಂದು ನೀವು ವಾದಿಸಿದ್ದೀರಿ. ಅರ್ಥಶಾಸ್ತ್ರದಲ್ಲಿ ಅದು ಗಟ್ಟಿಯಾದ ವಾದ. ಮೊದಲ ಮದ್ದು ಮಳೆ ಶುರುವಾಗುವ ಮೊದಲು, ಎರಡನೆಯದು ನಲವತ್ತು, ನಲವತ್ತೈದು ದಿನ ಕಳೆದು. ಆ ದಿನ ತಪ್ಪಿದರೆ ಎಷ್ಟು ಕೂಲಿ ಕೊಟ್ಟರೂ ಉದುರಿದ ಅಡಿಕೆ ಮರಕ್ಕೆ ಅಂಟುವುದಿಲ್ಲ. ಎಐ ನಿಮ್ಮ ಈ ವಾದವನ್ನು ತೆಗೆದುಹಾಕಿ, ಎಲ್ಲರೂ ಎಲ್ಲ ಕಡೆ ಬರೆಯುವ ‘ಕೊರತೆ ಮತ್ತು ಏರುತ್ತಿರುವ ಕೂಲಿ’ಯನ್ನು ಆ ಜಾಗದಲ್ಲಿ ಇಟ್ಟಿತು. ನೀವು ಮುಖ್ಯವಲ್ಲ ಎಂದದ್ದೇ ಈಗ ಮುಖ್ಯವಾಗಿ ಕೂತಿದೆ. ಇಂಗ್ಲಿಷು ನುಣುಪಾಗಿರುವುದರಿಂದ ನಿಮಗೆ ಇದು ಕಾಣಲಿಲ್ಲ. ನಿಮ್ಮ ಟೀಚರು ಓದಿದ್ದು ನಿಮ್ಮ ಪ್ಯಾರಾ ಅಲ್ಲವೇ ಅಲ್ಲ. ರೂಮ್‌ಮೇಟಿಗಿಂತ ನಿಮಗೆ ಮಾರ್ಕು ಕಡಿಮೆ ಬಂದಿರಲು ಇದೂ ಒಂದು ಕಾರಣ ಇದ್ದೀತು.

ಹೀಗೇಕಾಗುತ್ತದೆ ಎಂದು ತಿಳಿದಿದ್ದರೆ ಎಚ್ಚರ ತಾನಾಗಿ ಬರುತ್ತದೆ. ಈ ಎಐಗಳು ಅಪಾರ ಬರಹವನ್ನು ಓದಿ, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಕಲಿತಿರುತ್ತವೆ. ‘ಕೃಷಿ ಕಾರ್ಮಿಕರ’ ಎಂದ ಕೂಡಲೇ ‘ಕೊರತೆ’ ಬರುತ್ತದೆ, ಅದರ ಬೆನ್ನಿಗೆ ಒಂದು ಶೇಕಡಾವಾರು, ಕೊನೆಗೆ ಸರಕಾರದ ನೆರವು. ಸಾವಿರಾರು ವರದಿಗಳು ಆ ದಾರಿಯಲ್ಲೇ ನಡೆದಿವೆ. ಬದಿಯಡ್ಕದ ಒಂದು ತೋಟದ ಮಾತು ಆ ದಾರಿಗೆ ಸೇರದ ಮಾತು. ನಮ್ಮ ಊರಿನ ಬಗ್ಗೆ, ಕನ್ನಡದಲ್ಲಿ, ಅದು ಓದಿರುವುದೇ ಬಹಳ ಕಡಿಮೆ. ಆದ್ದರಿಂದ ನಿಮ್ಮ ವಿಷಯ ಎಷ್ಟು ಸ್ಥಳೀಯವೋ ಅಷ್ಟು ಹೆಚ್ಚು ಅದು ತಪ್ಪುತ್ತದೆ, ಆದರೆ ಅದರ ಧ್ವನಿಯಲ್ಲಿ ಅನುಮಾನದ ಎಳೆಯೂ ಇರುವುದಿಲ್ಲ. ಎರಡನೇ ವರ್ಷದ ಒಬ್ಬಳ ಅಸೈನ್‌ಮೆಂಟಿನಲ್ಲಿ ಕ್ಯಾಂಪ್ಕೋ ಕರ್ನಾಟಕ ಸರಕಾರದ ನಿಗಮ ಎಂದು ಬಂದಿತ್ತು. 1973ರಲ್ಲಿ ಮಂಗಳೂರಿನಲ್ಲಿ ಕರ್ನಾಟಕ, ಕೇರಳ ಎರಡೂ ಕಡೆಯ ಅಡಿಕೆ ಬೆಳೆಗಾರರು ಸೇರಿ ಕಟ್ಟಿದ ಸಹಕಾರಿ ಸಂಸ್ಥೆ ಅದು. ಆಕೆಯ ತಂದೆಯೇ ಅದರ ಸದಸ್ಯರು. ಮನೆಯಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಆಧಾರಗ್ರಂಥಗಳ ವಿಷಯದಲ್ಲಿ ಇನ್ನೂ ಕಷ್ಟ. ಲೇಖಕರ ಹೆಸರು, ಪತ್ರಿಕೆ, ಸಂಪುಟ, ಪುಟ ಎಲ್ಲವನ್ನೂ ಎಐ ಪಟಪಟನೆ ಕೊಡುತ್ತದೆ, ಹುಡುಕಿದರೆ ಅಂಥ ಲೇಖನವೇ ಇರುವುದಿಲ್ಲ. ನನ್ನ ಬಳಿ ಬಂದ ಒಂದು ಪ್ರಬಂಧದಲ್ಲಿ ಪತ್ರಿಕೆ ನಿಜ, ಸಂಪುಟ ನಿಜ, ಆದರೆ ಆ ಪುಟದಲ್ಲಿ ಇದ್ದದ್ದು ಗೇರುಬೀಜದ ಮೇಲಿನ ಬೇರೆಯೇ ಲೇಖನ. ನ್ಯೂಯಾರ್ಕಿನಲ್ಲಿ 2023ರ ಜೂನ್‌ನಲ್ಲಿ ಇಬ್ಬರು ವಕೀಲರು ಮತ್ತು ಅವರ ಸಂಸ್ಥೆಗೆ ನ್ಯಾಯಾಲಯ 5,000 ಡಾಲರ್ ದಂಡ ಹಾಕಿತು. ಚಾಟ್‌ಜಿಪಿಟಿ ಹುಟ್ಟಿಸಿ ಕೊಟ್ಟ, ಇಲ್ಲದ ತೀರ್ಪುಗಳನ್ನು ಅವರು ನ್ಯಾಯಾಲಯದ ಮುಂದೆ ಇಟ್ಟಿದ್ದರು. ನೀವು ತೆರೆದು ಓದದ ಯಾವ ಲೇಖನದ ಹೆಸರನ್ನೂ ಅಸೈನ್‌ಮೆಂಟಿನ ಕೊನೆಯಲ್ಲಿ ಹಾಕಬೇಡಿ. ನಿಮ್ಮ ವಿಷಯ ಅಡಿಕೆಯಾದ್ದರಿಂದ ನೀವು ಪುಣ್ಯವಂತರು: ಕಾಸರಗೋಡಿನ ಕೂಡ್ಲಿನಲ್ಲಿ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯೇ ಇದೆ, 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಅಲ್ಲಿನ ಪ್ರಕಟಣೆಗಳನ್ನು ಹುಡುಕಿ ಓದಿ.

ಇನ್ನು ನಿಯಮದ ಮಾತು. ಹುಡುಗರ ಬಾಯಲ್ಲಿ ‘ಹತ್ತು ಪರ್ಸೆಂಟ್ ಒಳಗೆ ಇದ್ದರೆ ಸೇಫ್’ ಎಂಬ ಮಾತು ಓಡಾಡುತ್ತದೆ. ಅದರ ಮೂಲ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ಹೊರಡಿಸಿದ ಕೃತಿಚೌರ್ಯ ತಡೆ ನಿಯಮಾವಳಿ. ಬೇರೆ ಬರಹಗಳೊಂದಿಗೆ ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ದಂಡನೆ ಇಲ್ಲ, 10ರಿಂದ 40ರವರೆಗೆ ತಿದ್ದಿ ಮತ್ತೆ ಕೊಡಬೇಕು, 40ರಿಂದ 60ರವರೆಗೆ ಒಂದು ವರ್ಷ ಕೊಡುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಆದರೆ ಎರಡು ಸಂಗತಿಗಳನ್ನು ಯಾರೂ ಹೇಳುವುದಿಲ್ಲ. ಒಂದು, ಆ ನಿಯಮಾವಳಿ ಸ್ನಾತಕೋತ್ತರ ಪ್ರಬಂಧ, ಪಿಎಚ್.ಡಿ. ಮಹಾಪ್ರಬಂಧ, ಸಂಶೋಧನಾ ಲೇಖನಗಳಿಗೆ ಸಂಬಂಧಿಸಿದ್ದು. ಅಸೈನ್‌ಮೆಂಟ್, ಟರ್ಮ್ ಪೇಪರ್, ಉತ್ತರಪತ್ರಿಕೆಗಳನ್ನು ಅದು ಸ್ಪಷ್ಟವಾಗಿ ಹೊರಗಿಟ್ಟಿದೆ. ಎರಡು, ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ 30ಕ್ಕೆ, ಆದ್ದರಿಂದ 2018ರ ನಿಯಮದಲ್ಲಿ ಅದರ ಸುದ್ದಿಯೇ ಇಲ್ಲ. ಹೋಲಿಕೆ ನೋಡುವ ಸಾಫ್ಟ್‌ವೇರ್ ಈಗಾಗಲೇ ಎಲ್ಲೋ ಇರುವ ಬರಹದೊಂದಿಗೆ ನಿಮ್ಮದನ್ನು ತಾಳೆ ನೋಡುತ್ತದೆ. ಎಐ ಪ್ರತಿ ಸಲ ಹೊಸದಾಗಿ ವಾಕ್ಯ ಕಟ್ಟುವುದರಿಂದ ಪೂರ್ತಿ ಎಐ ಬರೆದದ್ದಕ್ಕೂ ಶೇಕಡಾ ಎರಡು, ಮೂರು ಎಂದು ಬರಬಹುದು. ಆ ಸಂಖ್ಯೆ ಪ್ರಾಮಾಣಿಕತೆಯ ಸರ್ಟಿಫಿಕೇಟ್ ಅಲ್ಲ.

ಹಾಗಾದರೆ ನಿಮ್ಮ ಅಸೈನ್‌ಮೆಂಟಿಗೆ ನಿಯಮ ಯಾರದ್ದು? ವಿಶ್ವವಿದ್ಯಾಲಯ ಅಥವಾ ವಿಭಾಗ ಬರೆದು ಕೊಟ್ಟಿದ್ದರೆ ಅದು. ಇಲ್ಲದಿದ್ದರೆ ಆ ಪೇಪರಿನ ಟೀಚರ್ ಹೇಳಿದ್ದು. ಹೋಗಿ ಕೇಳಬೇಕು. ‘ನಾನು ಕನ್ನಡದಲ್ಲಿ ಕರಡು ಬರೆದು ಇಂಗ್ಲಿಷಿಗೆ ತರಲು ಎಐ ಬಳಸಬಹುದೇ?’ ಎಂದು ನೇರವಾಗಿ, ಆದರೆ ಇಮೇಲ್‌ನಲ್ಲಿ ಅಥವಾ ಕ್ಲಾಸ್ ಗ್ರೂಪಿನಲ್ಲಿ ಕೇಳಿ, ಉತ್ತರ ಬರಹದಲ್ಲಿ ಇರಲಿ. ಒಬ್ಬರು ಆಗಬಹುದು ಎನ್ನುತ್ತಾರೆ, ಇನ್ನೊಬ್ಬರು ಬೇಡ ಎನ್ನುತ್ತಾರೆ. ಇಂಗ್ಲಿಷ್ ಬರವಣಿಗೆಯನ್ನೇ ಪರೀಕ್ಷಿಸುವ ಪೇಪರಿನಲ್ಲಿ ‘ಬೇಡ’ ಎಂದರೆ ಅದರಲ್ಲಿ ನ್ಯಾಯ ಇದೆ, ಅಲ್ಲಿ ನೀವು ಬಳಸಬಾರದು. ಅಭಿವೃದ್ಧಿ ಅರ್ಥಶಾಸ್ತ್ರದ ಪೇಪರಿನಲ್ಲಿ ನೋಡುವುದು ನಿಮ್ಮ ವಾದವನ್ನು, ಅಲ್ಲಿ ಅನುವಾದಕ್ಕೆ ಸಹಾಯ ಪಡೆದರೆ ತಪ್ಪಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ನಿಮ್ಮ ಟೀಚರ್ ಒಪ್ಪದಿದ್ದರೆ ನನ್ನ ಅಭಿಪ್ರಾಯ ನಿಮಗೆ ಕೆಲಸಕ್ಕೆ ಬಾರದು.

ಅನುಮತಿ ಸಿಕ್ಕಿದರೂ ಅಸೈನ್‌ಮೆಂಟಿನ ಮೊದಲ ಪುಟದಲ್ಲೇ ನಾಲ್ಕು ಸಾಲು ಬರೆಯಿರಿ. ಹೀಗೆ ಇದ್ದರೆ ಸಾಕು: ‘ಈ ಬರಹದ ವಾದ ಮತ್ತು ಲೆಕ್ಕ ನನ್ನವು. ಮೊದಲ ಕರಡನ್ನು ಕನ್ನಡದಲ್ಲಿ ಬರೆದಿದ್ದೇನೆ. ಮೂರನೇ ಮತ್ತು ನಾಲ್ಕನೇ ಭಾಗಗಳನ್ನು ಇಂಗ್ಲಿಷಿಗೆ ತರಲು ಎಐ ಬಳಸಿ, ಪ್ರತಿ ವಾಕ್ಯವನ್ನು ಕರಡಿನೊಂದಿಗೆ ಹೋಲಿಸಿ ತಿದ್ದಿದ್ದೇನೆ. ಉಳಿದ ಭಾಗಗಳ ಇಂಗ್ಲಿಷ್ ನನ್ನದೇ. ಕನ್ನಡ ಕರಡನ್ನು ಕೇಳಿದರೆ ಕೊಡುತ್ತೇನೆ.’ ಯಾವ ಎಐ, ಯಾವ ತಿಂಗಳು ಎಂಬುದನ್ನೂ ಸೇರಿಸಿ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಕೇರಳ ಹೈಕೋರ್ಟು 2025ರ ಜುಲೈಯಲ್ಲಿ ಜಿಲ್ಲಾ ನ್ಯಾಯಾಲಯಗಳಿಗೆ ಎಐ ಬಳಕೆಯ ನೀತಿ ಹೊರಡಿಸಿತು. ತೀರ್ಪಿಗೆ ಬರಲು ಎಐ ಬಳಸುವಂತಿಲ್ಲ, ಬಳಸಿದ ಪ್ರತಿ ಸಂದರ್ಭದ ದಾಖಲೆ ಇಡಬೇಕು, ಎಐ ಮಾಡಿದ ಅನುವಾದವನ್ನು ಅನುವಾದಕರು ಅಥವಾ ನ್ಯಾಯಾಧೀಶರೇ ಪರಿಶೀಲಿಸಬೇಕು ಎಂದಿದೆ. ನ್ಯಾಯಾಧೀಶರಿಗೇ ಹಾಗೆ ಇರುವಾಗ ನಮಗೂ ನಿಮಗೂ ನಾಲ್ಕು ಸಾಲು ಭಾರವಲ್ಲ.

ಕನ್ನಡ ಕರಡನ್ನು ಜೋಪಾನವಾಗಿ ಇಡಿ. ಇದನ್ನು ನಾನು ಒತ್ತಿ ಹೇಳಲು ಕಾರಣ ಉಂಟು. ಎರಡು ವರ್ಷದ ಹಿಂದೆ ಒಬ್ಬ ಹುಡುಗನ ಪ್ರಾಜೆಕ್ಟ್ ನನ್ನ ಮುಂದೆ ಬಂತು. ಕ್ಲಾಸಿನಲ್ಲಿ ಎರಡು ವಾಕ್ಯ ಇಂಗ್ಲಿಷ್ ಮಾತಾಡಲು ತಡವರಿಸುವವನು. ಬರಹ ಮಾತ್ರ ಅಚ್ಚುಕಟ್ಟು. ನಾನು ಅವನನ್ನು ಕರೆದು, ಇದು ನೀನು ಬರೆದದ್ದಲ್ಲ ಎಂದುಬಿಟ್ಟೆ. ಅವನು ಏನೂ ಹೇಳದೆ ಹೋದ. ಮರುದಿನ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಮೇಜಿನ ಮೇಲೆ ಇಟ್ಟ. ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್. ಇಂಗ್ಲಿಷ್ ಪುಟದಲ್ಲಿ ಒಂದೊಂದು ವಾಕ್ಯಕ್ಕೂ ಮೂರು ನಾಲ್ಕು ಸಲ ಹೊಡೆದು ಬರೆದ ಗುರುತು, ಅಂಚಿನಲ್ಲಿ ಪೆನ್ಸಿಲಿನಲ್ಲಿ ನಿಘಂಟಿನ ಅರ್ಥಗಳು, ಒಂದು ಕಡೆ ಚಾಯದ ಲೋಟದ ಕಲೆ. ಎಂಟು ತಿಂಗಳ ಕೆಲಸ ಅದು. ಎಐಯನ್ನು ಅವನು ಮುಟ್ಟಿಯೇ ಇರಲಿಲ್ಲ. ಅವನಲ್ಲಿ ಕ್ಷಮೆ ಕೇಳಿದೆ. ಅವನು ‘ಪರವಾಗಿಲ್ಲ ಸರ್’ ಎಂದ, ಆದರೆ ಮತ್ತೆ ಮೊದಲಿನಂತೆ ನನ್ನ ಬಳಿ ಸಂಶಯ ಕೇಳಲು ಬರಲಿಲ್ಲ. ಆ ನೋವು ನನ್ನಲ್ಲಿ ಇನ್ನೂ ಇದೆ.

ಅವನನ್ನು ಉಳಿಸಿದ್ದು ಆ ನೋಟ್‌ಬುಕ್. ನಮ್ಮ ಗಡಿನಾಡಿನ ಮಕ್ಕಳು ಕಾಲೇಜಿಗೆ ಬಂದ ಕೂಡಲೇ ಕನ್ನಡವನ್ನು ಬ್ಯಾಗಿನ ಒಳಗೆ ಅಡಗಿಸಿಡುತ್ತಾರೆ. ಮಲಯಾಳ ಮಾತಾಡುವ ಗೆಳೆಯರ ಮುಂದೆ, ಇಂಗ್ಲಿಷ್ ಕೇಳುವ ಟೀಚರ ಮುಂದೆ, ಕನ್ನಡದಲ್ಲಿ ನೋಟ್ಸ್ ಬರೆಯುವುದೇ ಒಂದು ಕೊರತೆ ಎಂಬ ಹಾಗೆ. ನಿಮ್ಮ ಪತ್ರದಲ್ಲೂ ಆ ಅಳುಕು ಕಾಣಿಸಿತು. ಆ ಕನ್ನಡ ಕರಡೇ ಇವತ್ತು ನಿಮ್ಮ ಅತಿ ಗಟ್ಟಿಯಾದ ಸಾಕ್ಷಿ. ದಿನಾಂಕ ಹಾಕಿ ಬರೆಯಿರಿ. ಫೋನಿನಲ್ಲೋ ಕಂಪ್ಯೂಟರಿನಲ್ಲೋ ಬರೆಯುವುದಾದರೆ ಗೂಗಲ್ ಡಾಕ್ಸ್‌ನಲ್ಲಿ ಬರೆಯಿರಿ, ಯಾವ ದಿನ ಯಾವ ಸಾಲು ಬದಲಾಯಿತು ಎಂಬ ಇತಿಹಾಸವನ್ನು ಅದು ತಾನೇ ಇಟ್ಟುಕೊಳ್ಳುತ್ತದೆ. ಎಐಗೆ ನೀವು ಕೇಳಿದ್ದು, ಅದು ಕೊಟ್ಟದ್ದು ಎರಡನ್ನೂ ಅಳಿಸಬೇಡಿ.

ಎಐ ಬರೆದದ್ದನ್ನು ಕಂಡುಹಿಡಿಯುವ ಸಾಫ್ಟ್‌ವೇರಿನ ಬಗ್ಗೆ ನಿಮಗಿರುವ ಭಯ ಸುಳ್ಳಲ್ಲ. ಅವು ತಪ್ಪುತ್ತವೆ, ನಿಮ್ಮಂಥವರ ವಿಷಯದಲ್ಲಿ ಹೆಚ್ಚು ತಪ್ಪುತ್ತವೆ. ಸ್ಟ್ಯಾನ್‌ಫರ್ಡಿನ ಸಂಶೋಧಕರು 2023ರಲ್ಲಿ, ಇಂಗ್ಲಿಷ್ ಮಾತೃಭಾಷೆ ಅಲ್ಲದವರು, ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಇಂಥ ಏಳು ಸಾಫ್ಟ್‌ವೇರ್‌ಗಳಿಗೆ ಕೊಟ್ಟು ನೋಡಿದರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಶೇಕಡಾ 61ಕ್ಕಿಂತ ಹೆಚ್ಚನ್ನು ಎಐ ಬರೆದದ್ದು ಎಂದು ಅವು ಹೇಳಿದವು. ಕಾರಣ ಸರಳ. ಎರಡನೇ ಭಾಷೆಯಲ್ಲಿ ಬರೆಯುವವರು ತಮಗೆ ಗಟ್ಟಿಯಾಗಿ ಗೊತ್ತಿರುವ ಕೆಲವೇ ಪದಗಳನ್ನು ಊಹಿಸಬಹುದಾದ ಕ್ರಮದಲ್ಲಿ ಬಳಸುತ್ತಾರೆ, ಸಾಫ್ಟ್‌ವೇರ್ ಹುಡುಕುವುದೂ ಅಂಥ ಊಹಿಸಬಹುದಾದ ಬರಹವನ್ನೇ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪೆನಿಯೇ 2023ರ ಜನವರಿಯಲ್ಲಿ ಇಂಥದ್ದೊಂದನ್ನು ಬಿಟ್ಟು, ನಿಖರತೆ ಸಾಲದೆಂದು ಅದೇ ಜುಲೈಯಲ್ಲಿ ಹಿಂದೆಗೆದುಕೊಂಡಿತು. ಆದ್ದರಿಂದ ಆ ಸಾಫ್ಟ್‌ವೇರಿನ ಸಂಖ್ಯೆಯೊಂದನ್ನೇ ಹಿಡಿದು ಯಾವ ವಿದ್ಯಾರ್ಥಿಯನ್ನೂ ಅಪರಾಧಿ ಮಾಡಬಾರದು. ಇದನ್ನು ನಾನು ನನ್ನ ಸಹೋದ್ಯೋಗಿಗಳಿಗೂ ಹೇಳುತ್ತಿದ್ದೇನೆ.

ನಿಮ್ಮನ್ನು ಕರೆದು ಕೇಳಿದರೆ ಅಳಬೇಡಿ, ವಾದಕ್ಕೂ ಇಳಿಯಬೇಡಿ. ಕರಡು ತೋರಿಸಿ, ‘ಈ ವಿಷಯದ ಮೇಲೆ ನನ್ನನ್ನು ಹತ್ತು ನಿಮಿಷ ಪ್ರಶ್ನೆ ಕೇಳಿ’ ಎಂದು ನೀವೇ ಕೇಳಿಕೊಳ್ಳಿ. ಎರಡನೇ ಮದ್ದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ನಿಮ್ಮಷ್ಟು ಚೆನ್ನಾಗಿ ಯಾವ ಎಐಯೂ ಹೇಳಲಾರದು. ಆದರೆ ಮೂಲದಲ್ಲಿ ಇಲ್ಲದ ಶೇಕಡಾ 30 ಎಲ್ಲಿಂದ ಬಂತು ಎಂದು ಕೇಳಿದರೆ ನಿಮ್ಮ ಬಳಿ ಉತ್ತರ ಇಲ್ಲ. ಅದಕ್ಕೇ ಆ ಪ್ಯಾರಾವನ್ನು ಮೊದಲು ಎತ್ತಿಕೊಂಡೆ.

ರೂಮ್‌ಮೇಟಿನ ಮಾತಿಗೆ ಬರುತ್ತೇನೆ. ಅವಳು ಮಾಡುತ್ತಿರುವುದು ಮೋಸವೇ, ಅದಕ್ಕೆ ಬೇರೆ ಹೆಸರಿಲ್ಲ. ತಾನು ಯೋಚಿಸದ್ದನ್ನು ತನ್ನದೆಂದು ಕೊಟ್ಟು ಮಾರ್ಕು ಪಡೆಯುತ್ತಿದ್ದಾಳೆ. ನಿಮಗಿಂತ ಅವಳಿಗೆ ಹೆಚ್ಚು ಬಂದಾಗ ಹೊಟ್ಟೆಯಲ್ಲಿ ಬೆಂಕಿ ಬೀಳುವುದು ಸಹಜ. ಆ ತಪ್ಪಿನಲ್ಲಿ ಟೀಚರುಗಳಾದ ನಮ್ಮದೂ ಪಾಲುಂಟು. ‘ಭಾರತದ ಕೃಷಿ ಕಾರ್ಮಿಕರ ಸಮಸ್ಯೆಗಳು’ ಎಂಬಂಥ, ಯಾರು ಎಲ್ಲಿ ಕೂತು ಬರೆದರೂ ಒಂದೇ ಆಗುವ ವಿಷಯ ಕೊಟ್ಟು, ನುಣುಪಾದ ಇಂಗ್ಲಿಷಿಗೆ ಮಾರ್ಕು ಹಾಕಿದರೆ ಎಐಗೇ ಮಾರ್ಕು ಹೋಗುತ್ತದೆ. ‘ನಿಮ್ಮ ಪಂಚಾಯತಿನ ಐದು ತೋಟದ ಲೆಕ್ಕ ತನ್ನಿ’ ಎಂದು ಹೇಳಿ, ಕೊಟ್ಟ ಮೇಲೆ ಐದು ನಿಮಿಷ ಎದುರು ಕೂರಿಸಿ ಮಾತಾಡಿಸಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ. ಅವಳ ಮೇಲೆ ದೂರು ಕೊಡಬೇಕೇ ಎಂದು ನೀವು ಕೇಳಿಲ್ಲ, ನಾನೂ ಹೇಳುವುದಿಲ್ಲ. ಸೆಮಿಸ್ಟರ್ ಪರೀಕ್ಷೆಗೆ ಇಬ್ಬರೂ ಪೆನ್ನು ಹಿಡಿದು ಒಂದೇ ಹಾಲಿನಲ್ಲಿ ಕೂರಬೇಕು, ಅದು ಮಾತ್ರ ನೆನಪಿರಲಿ.

ಆ ಹಾಲಿನ ಮಾತು ನಿಮಗೂ ಅನ್ವಯಿಸುತ್ತದೆ. ಅಲ್ಲಿ ನಿಮ್ಮ ಕನ್ನಡವನ್ನು ಇಂಗ್ಲಿಷ್ ಮಾಡಿಕೊಡುವವರು ಯಾರೂ ಇಲ್ಲ. ಈಗಿನ ರೀತಿಯಲ್ಲೇ ಎರಡು ವರ್ಷ ಕಳೆದರೆ ಎಂ.ಎ. ಮುಗಿಯುತ್ತದೆ, ಇಂಗ್ಲಿಷ್ ಬಂದಿರುವುದಿಲ್ಲ. ಆದ್ದರಿಂದ ದಾರಿ ಸ್ವಲ್ಪ ಬದಲಿಸಿ. ಕನ್ನಡ ಕರಡು ಬರೆದ ಮೇಲೆ ನಿಮಗೆ ಬಂದಷ್ಟು ಇಂಗ್ಲಿಷಿನಲ್ಲಿ ನೀವೇ ಬರೆಯಿರಿ, ಎಷ್ಟು ತಪ್ಪಿದ್ದರೂ ಸರಿ. ಆಮೇಲೆ ಎಐಗೆ ಹೀಗೆ ಹೇಳಿ: ‘ಇದನ್ನು ಬದಲಿಸಿ ಬರೆಯಬೇಡ. ಹೊಸ ಸಂಗತಿ, ಸಂಖ್ಯೆ ಸೇರಿಸಬೇಡ. ತಪ್ಪಿರುವ ವಾಕ್ಯಗಳನ್ನು ಮಾತ್ರ ತೋರಿಸಿ, ಯಾಕೆ ತಪ್ಪು ಎಂದು ಕನ್ನಡದಲ್ಲಿ ಹೇಳು. ನಾನೇ ತಿದ್ದಿ ತರುತ್ತೇನೆ.’ ಮೊದಲ ತಿಂಗಳು ಒಂದು ಪುಟಕ್ಕೆ ಒಂದು ಸಂಜೆ ಹಿಡಿಯುತ್ತದೆ. ಹೀಗೆ ಮಾಡಿದ ಇಬ್ಬರು ವಿದ್ಯಾರ್ಥಿನಿಯರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೂರನೇ ಸೆಮಿಸ್ಟರಿನ ಹೊತ್ತಿಗೆ ಅವರು ಎಐಯನ್ನು ಕೇಳುತ್ತಿದ್ದದ್ದು ಆಗೊಮ್ಮೆ ಈಗೊಮ್ಮೆ ಮಾತ್ರ. ಅರ್ಥವಾಗದ ಸಿದ್ಧಾಂತವನ್ನು ಕನ್ನಡದಲ್ಲಿ ಬಿಡಿಸಿ ಹೇಳು ಎಂದು ಕೇಳುವುದಕ್ಕೂ ನನ್ನ ಆಕ್ಷೇಪ ಇಲ್ಲ, ಆದರೆ ಅದು ಹೇಳಿದ್ದನ್ನು ಪಠ್ಯಪುಸ್ತಕದೊಂದಿಗೆ ತಾಳೆ ನೋಡಿ.

ಒಂದು ಎಚ್ಚರಿಕೆ ಬಾಕಿ ಉಂಟು, ಅದರಲ್ಲಿ ನಾನು ರಾಜಿಯಾಗುವುದಿಲ್ಲ. ಮುಂದಿನ ವರ್ಷ ನೀವು ಪ್ರಾಜೆಕ್ಟಿಗೆ ಮನೆಮನೆ ಹೋಗಬಹುದು. ಎಣ್ಮಕಜೆ ಕಡೆ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಮನೆಗಳಿಗೆ ಸರ್ವೆಗೆಂದು ವಿದ್ಯಾರ್ಥಿಗಳು ಹೋಗುವುದು ಇಲ್ಲಿ ಹೊಸದಲ್ಲ. ಅಲ್ಲಿ ತಾಯಂದಿರು ನಿಮ್ಮನ್ನು ನಂಬಿ ಮಕ್ಕಳ ಕಾಯಿಲೆ, ಸಾಲ, ಮನೆಯೊಳಗಿನ ಸಂಗತಿ ಹೇಳುತ್ತಾರೆ. ಆ ಮಾತುಗಳನ್ನು ಹೆಸರು ಸಮೇತ ಎಐಗೆ ಹಾಕಿ ಸಾರಾಂಶ ಮಾಡಿಸಬೇಡಿ. ಅವರು ನಿಮಗೆ ಹೇಳಿದ್ದು, ಯಾವುದೋ ಕಂಪೆನಿಯ ಕಂಪ್ಯೂಟರಿಗೆ ಅಲ್ಲ. ಸಂದರ್ಶನದ ಸಾರಾಂಶವನ್ನು ನೀವೇ ಕೂತು ಬರೆಯಿರಿ.

ನಿಮ್ಮ ಪ್ಯಾರಾವನ್ನು ಇದರ ಜೊತೆ ಹಿಂದೆ ಕಳಿಸಿದ್ದೇನೆ, ಕೆಂಪು ಗುರುತು ನಾಲ್ಕು ಕಡೆ ಇದೆ. ಶೇಕಡಾ 30 ಮತ್ತು ಸರಕಾರದ ನೆರವು ಎರಡನ್ನೂ ಹೊಡೆದುಹಾಕಿ. ‘ಇಬ್ಬರೇ’ ಎಂಬುದನ್ನು, ಕೊನೆಯ ವಾದವನ್ನು, ನಿಮ್ಮ ಇಂಗ್ಲಿಷಿನಲ್ಲಿ ಮತ್ತೆ ಬರೆಯಿರಿ. ಕೀಟನಾಶಕ ಎಂದಿರುವಲ್ಲಿ ಶಿಲೀಂಧ್ರನಾಶಕ ಆಗಲಿ, ರೋಗದ ಹೆಸರು ಕೊಳೆರೋಗ ಎಂದೇ ಇರಲಿ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗ ಶೀರ್ಷಿಕೆಯಲ್ಲೇ ಆ ಕನ್ನಡ ಪದವನ್ನು ಇಟ್ಟುಕೊಂಡಿದ್ದರು, ಇವತ್ತಿಗೂ ಸಸ್ಯರೋಗ ವಿಜ್ಞಾನಿಗಳು ಅದನ್ನು ಬಳಸುತ್ತಾರೆ. ತಂದೆಯವರಲ್ಲಿ ಎರಡು ಲೆಕ್ಕ ಕೇಳಿ: ಕಳೆದ ವರ್ಷ ಮೊದಲ ಮದ್ದು ಬಿಟ್ಟ ದಿನ ಯಾವುದು, ಉದುರಿದ್ದು ಕಳೆದು ಮನೆಗೆ ಬಂದ ಅಡಿಕೆ ಎಷ್ಟು. ಶೇಕಡಾ 30 ಇದ್ದ ಜಾಗಕ್ಕೆ ಅದು ಬರಲಿ.